ಫ್ಯಾಂಟಸಿ ಕಾದಂಬರಿ ಓದಿ ವಿಮರ್ಶೆ ಬರೆಯುವುದು ಹೇಗೆ: ಕಾಸರಗೋಡಿನ ಓದುಗರಿಗೆ ಒಂದು ಸಮಗ್ರ ಮಾರ್ಗದರ್ಶಿ

ತಾಳಮದ್ದಲೆ ಕೇಳಲು ಕೂತವರು ವಾಲಿ ಮಾತಾಡುವ ಕಪಿ ಎಂಬುದನ್ನು ಪ್ರಶ್ನಿಸುವುದಿಲ್ಲ. ಎದೆಗೆ ಬಾಣ ಬಿದ್ದ ಮೇಲೂ ಅವನು ಗಂಟೆಗಟ್ಟಲೆ ವಾದ ಮಾಡಬಹುದು, ಅದಕ್ಕೂ ಅಡ್ಡಿಯಿಲ್ಲ. ಆದರೆ ಪಾತ್ರದ ಮಾತಾಡುವ ಅರ್ಥಧಾರಿ ತಾನೇ ಮೊದಲು ಆಡಿದ ಮಾತಿಗೆ ವಿರುದ್ಧ ಹೋದರೆ ಹಿಂದಿನ ಸಾಲಿನ ಅಜ್ಜನಿಗೂ ತಕ್ಷಣ ಗೊತ್ತಾಗುತ್ತದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆ ನಮ್ಮದು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥ ಕೇಳಿ ಬೆಳೆದ ನಾಡು. ಫ್ಯಾಂಟಸಿ ಕಾದಂಬರಿ ಓದಲು ಬೇಕಾದ್ದು ಇದೇ ಕಿವಿ. ಅಸಾಧ್ಯವಾದದ್ದನ್ನು ಒಪ್ಪಿಕೊಳ್ಳಬೇಕು, ಹೊಂದಿಕೆ ತಪ್ಪಿದ್ದನ್ನು ಮಾತ್ರ ಬಿಡಬಾರದು.

ಹೀಗಿದ್ದೂ ಫ್ಯಾಂಟಸಿ ಎಂದರೆ ನಮ್ಮಲ್ಲಿ ಎರಡು ಮಾತು ಬೇಗ ಬರುತ್ತವೆ. ಒಂದು, ‘ಅದೆಲ್ಲ ಮಕ್ಕಳ ಕಥೆ’. ಇನ್ನೊಂದು, ‘ಕಲ್ಪನೆ ಅಲ್ವಾ, ಏನು ಬೇಕಾದರೂ ಆಗಬಹುದು’. ಮೊದಲನೆಯದು ಪುಸ್ತಕವನ್ನು ತೆರೆಯಲು ಬಿಡುವುದಿಲ್ಲ. ಎರಡನೆಯದು ಇನ್ನೂ ಕೆಟ್ಟದ್ದು, ಏಕೆಂದರೆ ಅದು ಲೇಖಕರಿಂದ ಏನನ್ನೂ ಕೇಳುವುದಿಲ್ಲ. ಏನು ಬೇಕಾದರೂ ಆಗಬಹುದಾದ ಕಥೆಯಲ್ಲಿ ಯಾರಿಗೂ ಅಪಾಯವಿಲ್ಲ. ಅಪಾಯವಿಲ್ಲದ ಕಡೆ ನಮಗೆ ಚಿಂತೆಯೂ ಇಲ್ಲ. ಹಾಗಾಗಿ ಒಳ್ಳೆಯ ಫ್ಯಾಂಟಸಿ ಬರೆಯುವವರು ಉಳಿದ ಕಾದಂಬರಿಕಾರರಿಗಿಂತ ಜಾಸ್ತಿ ಶಿಸ್ತಿನಲ್ಲಿರಬೇಕಾಗುತ್ತದೆ. ಆ ಶಿಸ್ತನ್ನು ಹುಡುಕಿ ತೋರಿಸುವುದೇ ವಿಮರ್ಶೆ ಬರೆಯುವವರ ಮುಖ್ಯ ಕೆಲಸ ಎಂದು ನನ್ನ ನಂಬಿಕೆ.

1. ಅಚ್ಚರಿ ಯಾವ ಕಡೆಯಿಂದ ಬರುತ್ತದೆ ನೋಡಿ

ಮೊದಲ ಒಂದೆರಡು ಅಧ್ಯಾಯ ಓದಿದ ಮೇಲೆ ಕಾದಂಬರಿ ಯಾವ ಬಗೆಯದು ಎಂದು ಗುರುತಿಸಿ. ಫಾರಾ ಮೆಂಡ್ಲ್‌ಸನ್ ಎಂಬ ವಿಮರ್ಶಕಿ 2008ರ ತಮ್ಮ ಪುಸ್ತಕದಲ್ಲಿ ಫ್ಯಾಂಟಸಿಯನ್ನು ನಾಲ್ಕು ಬಗೆಯಾಗಿ ಬೇರ್ಪಡಿಸಿದ್ದಾರೆ. ಅದನ್ನು ನಮ್ಮ ಊರಿಗೆ ತಂದು ಹೇಳುತ್ತೇನೆ.

ಬದಿಯಡ್ಕದ ಹುಡುಗಿಯೊಬ್ಬಳು ಹಳೆ ಮನೆಯ ಅಟ್ಟದ ಬಾಗಿಲು ತೆರೆದು ಬೇರೆ ಲೋಕಕ್ಕೆ ಹೋಗುತ್ತಾಳೆ. ಅಲ್ಲಿ ಅವಳಿಗೆ ಎಲ್ಲವೂ ಹೊಸತು. ಅವಳ ಜೊತೆ ನಾವೂ ಕಲಿಯುತ್ತಾ ಹೋಗುತ್ತೇವೆ. ಇದು ಮೊದಲನೆಯದು. ಎರಡನೆಯದರಲ್ಲಿ ಬದಿಯಡ್ಕವೇ ಇಲ್ಲ. ಮೊದಲ ಸಾಲಿನಿಂದಲೇ ನಾವು ಬೇರೆ ಲೋಕದಲ್ಲಿದ್ದೇವೆ, ಅಲ್ಲಿ ಹುಟ್ಟಿ ಬೆಳೆದವರ ನಡುವೆ. ಮೂರನೆಯದರಲ್ಲಿ ಕಾಸರಗೋಡಿನ ಹೊಸ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಯಕ್ಷಿ ಬಂದು ನಿಲ್ಲುತ್ತಾಳೆ, ಜನ ಚೆಲ್ಲಾಪಿಲ್ಲಿಯಾಗುತ್ತಾರೆ. ನಾಲ್ಕನೆಯದರಲ್ಲೂ ಅದೇ ಯಕ್ಷಿ ಬಸ್ಸು ಹತ್ತುತ್ತಾಳೆ. ಆದರೆ ಕಂಡಕ್ಟರ್ ಟಿಕೆಟ್ ಹರಿದು ಕೊಟ್ಟು ಮುಂದಿನ ಸೀಟಿಗೆ ಹೋಗುತ್ತಾನೆ. ಬೆಚ್ಚಿ ಬೀಳುವವರು ಓದುಗರಾದ ನಾವು ಮಾತ್ರ.

ಈ ವಿಂಗಡಣೆ ಯಾಕೆ ಬೇಕು ಎಂದರೆ ಒಂದೊಂದು ಬಗೆಯ ಹತ್ತಿರ ಕೇಳಬೇಕಾದ್ದು ಬೇರೆ. ಮೊದಲನೆಯ ಬಗೆಯಲ್ಲಿ ಯಾರಾದರೂ ಹಿರಿಯರು ಆ ಲೋಕದ ಚರಿತ್ರೆಯನ್ನು ಹುಡುಗಿಗೆ ವಿವರಿಸಿದರೆ ಅದು ಸಹಜ. ಎರಡನೆಯ ಬಗೆಯಲ್ಲಿ ಇಬ್ಬರು ಮಂತ್ರಿಗಳು ‘ನಿಮಗೆ ಗೊತ್ತೇ ಇರುವಂತೆ ನಮ್ಮ ರಾಜ್ಯದಲ್ಲಿ…’ ಎಂದು ಮಾತು ಶುರು ಮಾಡಿದರೆ ಅದು ದೋಷ. ಗೊತ್ತಿರುವುದನ್ನು ಯಾರು ಹಾಗೆ ಹೇಳಿಕೊಳ್ಳುತ್ತಾರೆ? ನಾಲ್ಕನೆಯ ಬಗೆಯಲ್ಲಿ ವಿವರಣೆ ಕೊಟ್ಟ ಕೂಡಲೇ ಕಥೆಯೇ ಕೆಡುತ್ತದೆ. ಮಾರ್ಕ್ವೆಜ್ ಅವರ 1967ರ ‘ಒಂದು ನೂರು ವರ್ಷಗಳ ಏಕಾಂತ’ದಲ್ಲಿ ಸುಂದರಿ ರೆಮೆಡಿಯೋಸ್ ಒಗೆದ ಹೊದಿಕೆಗಳನ್ನು ಮಡಚುತ್ತಿದ್ದಾಗ ಅವುಗಳ ಸಮೇತ ಆಕಾಶಕ್ಕೆ ಏರಿ ಹೋಗುತ್ತಾಳೆ. ಮನೆಯ ಸೊಸೆ ಫೆರ್ನಾಂಡಾಗೆ ಆಮೇಲೂ ತಲೆಬಿಸಿ ಹೊದಿಕೆಗಳದ್ದೇ, ಅವು ವಾಪಸ್ ಬರಲಿ ಎಂದು ದೇವರಲ್ಲಿ ಬೇಡಿಕೊಳ್ಳುತ್ತಾಳೆ. ಆ ಹೊದಿಕೆಯ ಚಿಂತೆಯೇ ಇಡೀ ಘಟನೆಯನ್ನು ನಂಬಿಸುವುದು. ವಿಮರ್ಶೆಯಲ್ಲಿ ಇಂಥ ಒಂದು ಜಾಗವನ್ನು ಎತ್ತಿ ತೋರಿಸಿದರೆ ಹತ್ತು ವಿಶೇಷಣಗಳು ಬೇಕಾಗುವುದಿಲ್ಲ.

ವಿಜ್ಞಾನ ಕಾದಂಬರಿಯಾದರೆ ಅಚ್ಚರಿಗೆ ಕಾರಣ ಇರಬೇಕು. ಆ ಕಾರಣ ನಾಳೆ ಸುಳ್ಳಾದರೂ ಪರವಾಗಿಲ್ಲ, ಕಥೆಯೊಳಗೆ ಅದು ಕಾರಣದ ಹಾಗೆ ಕೆಲಸ ಮಾಡಿದರೆ ಸಾಕು. ಫ್ಯಾಂಟಸಿಗೂ ವಿಜ್ಞಾನ ಕಾದಂಬರಿಗೂ ನಡುವಿನ ಗಡಿ ಎಲ್ಲಿದೆ ಎಂಬ ಜಗಳಕ್ಕೆ ಜಾಸ್ತಿ ಹೊತ್ತು ಕೊಡಬೇಡಿ. ಒಂದು ವಿಷಯ ಮಾತ್ರ ನೆನಪಿರಲಿ. ಯಾವುದು ಅಚ್ಚರಿ ಎಂಬುದು ಓದುವವರು ಎಲ್ಲಿ ಕೂತು ಓದುತ್ತಾರೆ ಎಂಬುದರ ಮೇಲೂ ಇದೆ. ತೇಜಸ್ವಿಯವರ ‘ಕರ್ವಾಲೊ’ 1980ರಲ್ಲಿ ಬಂತು. ಅದರ ತುಂಬ ಹಾರುವ ಓತಿಯ ಹುಡುಕಾಟ. ಪೇಟೆಯ ಓದುಗರಿಗೆ ಹಾರುವ ಓತಿ ಎಂಬುದೇ ಕಟ್ಟುಕಥೆ ಅನಿಸಬಹುದು. ನಮ್ಮ ಅಡಿಕೆ ತೋಟಗಳಲ್ಲಿ ಪಕ್ಕೆಯ ಪೊರೆ ಬಿಡಿಸಿ ಮರದಿಂದ ಮರಕ್ಕೆ ತೇಲುವ ಓತಿಯನ್ನು ನೋಡಿದವರಿಗೆ ಅಚ್ಚರಿ ಬೇರೆ ಕಡೆ ಇದೆ. ದಿನಾ ನೋಡುವ ಪ್ರಾಣಿಯ ಹಿಂದೆ ಎಷ್ಟು ಕೋಟಿ ವರ್ಷಗಳ ಕಾಲ ಇದೆ ಎಂಬಲ್ಲಿ. ನೀವು ಯಾವ ಜಾಗದಿಂದ ಓದುತ್ತಿದ್ದೀರಿ ಎಂಬುದನ್ನು ವಿಮರ್ಶೆಯಲ್ಲಿ ಮುಚ್ಚಿಡಬೇಕಾಗಿಲ್ಲ. ಅದು ನಿಮ್ಮ ಬಲ.

2. ಮೊದಲ ಓದಿಗೆ ಅವಸರ ಬೇಡ

ಬೇರೆ ಲೋಕದ ಕಾದಂಬರಿಯ ಮೊದಲ ಐವತ್ತು ಪುಟ ಕಷ್ಟ. ಹೆಸರುಗಳು ನಾಲಗೆಗೆ ಹೊರಳುವುದಿಲ್ಲ, ಯಾರು ಯಾರ ಕಡೆ ಎಂದು ತಿಳಿಯುವುದಿಲ್ಲ. ಇಲ್ಲೇ ಬಹಳ ಜನ ಪುಸ್ತಕ ಮಡಚಿಡುತ್ತಾರೆ. ಹೀಗೆ ಮಾಡಿ: ಒಂದು ಚೀಟಿ ತೆಗೆದುಕೊಂಡು ಹೆಸರುಗಳನ್ನು ಬರೆಯಿರಿ. ಎದುರಿಗೆ ನೆಂಟಸ್ತಿಕೆ ಅಥವಾ ಕೆಲಸ ಮಾತ್ರ. ‘ರಾಣಿಯ ತಮ್ಮ’, ‘ಕಮ್ಮಾರ’, ಅಷ್ಟೇ. ಆ ಚೀಟಿಯೇ ಬುಕ್‌ಮಾರ್ಕ್ ಆಗಿರಲಿ.

ಕೊನೆಯಲ್ಲಿ ಪದಕೋಶ ಇದ್ದರೆ ಮೊದಲ ಓದಿನಲ್ಲಿ ಅದನ್ನು ತೆರೆಯಬೇಡಿ. ಪದದ ಅರ್ಥ ಕಥೆಯೊಳಗಿನಿಂದಲೇ ತಿಳಿಯಿತೇ ಇಲ್ಲವೇ ಎಂಬುದು ವಿಮರ್ಶೆಗೆ ಬೇಕಾದ ಮಾಹಿತಿ. ಪದಕೋಶ ನೋಡಿಬಿಟ್ಟರೆ ಆ ಪರೀಕ್ಷೆಯನ್ನು ಮತ್ತೆ ಮಾಡಲಾಗುವುದಿಲ್ಲ. ಹಾಗೆಯೇ ಸಿನಿಮಾ ಅಥವಾ ಸೀರಿಯಲ್ ಆದ ಪುಸ್ತಕವಾದರೆ ಅದನ್ನು ಓದಿದ ಮೇಲೆ ನೋಡಿ. ಅರ್ಸುಲಾ ಲ ಗ್ವಿನ್ ಅವರ ಅರ್ತ್‌ಸೀ ಕಾದಂಬರಿಗಳ ನಾಯಕ ಗೆಡ್ ಕೆಂಗಂದು ಮೈಬಣ್ಣದವನು. 2004ರ ಟಿವಿ ಸರಣಿಯಲ್ಲಿ ಆ ಪಾತ್ರಕ್ಕೆ ಬಿಳಿಯ ನಟನನ್ನು ಹಾಕಿದರು. ಲೇಖಕಿ ಬಹಿರಂಗವಾಗಿಯೇ ಅದನ್ನು ವಿರೋಧಿಸಿದರು. ಟಿವಿ ನೋಡಿ ಪುಸ್ತಕಕ್ಕೆ ಬಂದವರ ಕಣ್ಣಿಗೆ ಆ ಪುಟಗಳಲ್ಲಿರುವ ಬಣ್ಣ ಕಾಣದೇ ಹೋಗುವ ಸಾಧ್ಯತೆ ಇದೆ.

ಪೆನ್ಸಿಲ್ ಗುರುತು ಮೂರೇ ಬಗೆ ಇರಲಿ. ಬೆರಗಾದ ಕಡೆ ಒಂದು ಚುಕ್ಕೆ. ನಂಬಿಕೆ ಬಾರದ ಕಡೆ ಒಂದು ಪ್ರಶ್ನೆ ಗುರುತು. ಬೇಸರ ಬಂದ ಕಡೆ ಅಡ್ಡಗೆರೆ. ಗ್ರಂಥಾಲಯದ ಪುಸ್ತಕವಾದರೆ ಪುಟದ ಸಂಖ್ಯೆಯನ್ನು ಚೀಟಿಯಲ್ಲಿ ಬರೆಯಿರಿ, ಪುಸ್ತಕದ ಮೇಲೆ ಬೇಡ. ಓದುವಾಗ ಯಾಕೆ ಎಂದು ಯೋಚಿಸುತ್ತಾ ನಿಲ್ಲಬೇಡಿ, ಗುರುತು ಹಾಕಿ ಮುಂದೆ ಹೋಗಿ. ಯಾಕೆ ಎಂಬುದು ಎರಡನೇ ಓದಿನ ಕೆಲಸ.

3. ನಿಯಮಗಳ ಪುಟ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತ ಉಳಿಸಿಕೊಳ್ಳಿ ಎಂದರೆ ನಾನು ಇದನ್ನೇ ಉಳಿಸಿಕೊಳ್ಳುತ್ತೇನೆ.

ನೋಟ್‌ಬುಕ್ಕಿನ ಒಂದು ಪುಟವನ್ನು ಆ ಲೋಕದ ನಿಯಮಗಳಿಗೆ ಮೀಸಲಿಡಿ. ಮಾಯೆ ಇರಲಿ, ಮಂತ್ರ ಇರಲಿ, ಯಂತ್ರ ಇರಲಿ, ಕೇಳಬೇಕಾದ್ದು ಮೂರು. ಇದರಿಂದ ಏನು ಮಾಡಲು ಆಗುತ್ತದೆ? ಏನು ಮಾಡಲು ಆಗುವುದಿಲ್ಲ? ಮಾಡಿದರೆ ಏನು ತೆರಬೇಕು? ಉತ್ತರ ಸಿಕ್ಕಿದಾಗೆಲ್ಲ ಪುಟ ಸಂಖ್ಯೆಯೊಂದಿಗೆ ಬರೆದಿಡಿ. ಮೂರನೆಯ ಪ್ರಶ್ನೆಗೆ ಪುಸ್ತಕ ಮುಗಿದರೂ ಉತ್ತರ ಸಿಗದಿದ್ದರೆ ನಿಮ್ಮ ವಿಮರ್ಶೆಯ ಒಂದು ಮುಖ್ಯ ಮಾತು ಅಲ್ಲೇ ಸಿಕ್ಕಿದ ಹಾಗೆ.

ಎಚ್. ಜಿ. ವೆಲ್ಸ್ ಅವರ ಅದೃಶ್ಯ ಮನುಷ್ಯನ ಕಾದಂಬರಿ 1897ರದ್ದು. ಯಾರಿಗೂ ಕಾಣದೇ ಇರುವುದು ಎಂದರೆ ಎಷ್ಟು ಸುಖ ಅಲ್ವಾ ಎಂದು ನಮಗೆ ಅನಿಸುತ್ತದೆ. ವೆಲ್ಸ್ ಒಂದೊಂದಾಗಿ ಲೆಕ್ಕ ಒಪ್ಪಿಸುತ್ತಾರೆ. ಮೈ ಕಾಣುವುದಿಲ್ಲ, ಆದರೆ ಬಟ್ಟೆ ಕಾಣುತ್ತದೆ. ಹಾಗಾಗಿ ಜನವರಿಯ ಲಂಡನ್ನಿನಲ್ಲಿ ಆ ಅದೃಶ್ಯ ಮನುಷ್ಯ ಗ್ರಿಫಿನ್ ಬೆತ್ತಲೆ ಓಡಾಡಬೇಕು. ಶೀತ ಹಿಡಿಯುತ್ತದೆ, ಸೀನು ಬರುತ್ತದೆ, ಸೀನಿದರೆ ಸಿಕ್ಕಿಬೀಳುತ್ತಾನೆ. ಹಿಮ ಬಿದ್ದರೆ ಮೈಮೇಲೆ ಕೂತು ಆಕಾರ ತೋರಿಸಿಬಿಡುತ್ತದೆ. ಉಂಡ ಅನ್ನ ಅರಗುವವರೆಗೆ ಹೊಟ್ಟೆಯಲ್ಲಿ ಕಾಣುತ್ತದೆ, ಆದ್ದರಿಂದ ಯಾರೆದುರೂ ಉಣ್ಣುವ ಹಾಗಿಲ್ಲ. ಕೆಸರು ಮೆಟ್ಟಿದ ಹೆಜ್ಜೆ ಗುರುತನ್ನು ಬೀದಿ ಹುಡುಗರು ಹಿಂಬಾಲಿಸುತ್ತಾರೆ. ನಾಯಿಗೆ ವಾಸನೆ ಸಾಕು. ಒಂದೇ ಒಂದು ಅಸಾಧ್ಯ ಸಂಗತಿ, ಅದರ ಹಿಂದೆ ಬರುವುದೆಲ್ಲ ಸಾಧ್ಯ ಮತ್ತು ಅನಿವಾರ್ಯ. ಕಥೆಯ ಕ್ರೌರ್ಯ, ಕರುಣೆ ಎರಡೂ ಈ ಲೆಕ್ಕದಿಂದ ಹುಟ್ಟುತ್ತವೆ.

ಈಗ ಒಬ್ಬ ಭೌತಶಾಸ್ತ್ರದ ಮೇಷ್ಟ್ರು ಒಂದು ಆಕ್ಷೇಪ ತೆಗೆಯಬಹುದು. ಕಣ್ಣು ಪೂರ್ತಿ ಪಾರದರ್ಶಕವಾದರೆ ಅಕ್ಷಿಪಟಲದಲ್ಲಿ ಬೆಳಕು ನಿಲ್ಲುವುದಿಲ್ಲ, ಹಾಗಾಗಿ ಅದೃಶ್ಯ ಮನುಷ್ಯ ಕುರುಡನಾಗಿರಬೇಕು. ಆಕ್ಷೇಪ ಸರಿಯಾಗಿದೆ. ಆದರೂ ಕಾದಂಬರಿಗೆ ಏಟು ಬೀಳುವುದಿಲ್ಲ. ಏಕೆಂದರೆ ‘ಇವನಿಗೆ ಕಾಣುತ್ತದೆ’ ಎಂಬುದು ನಾವು ಮೊದಲೇ ಒಪ್ಪಿಕೊಂಡ ಅಸಾಧ್ಯದ ಭಾಗ. ಹತ್ತನೆಯ ಅಧ್ಯಾಯದಲ್ಲಿ ಹಿಮ ಅವನನ್ನು ತೋರಿಸಿಕೊಟ್ಟು, ಇಪ್ಪತ್ತನೆಯದರಲ್ಲಿ ಅದೇ ಹಿಮದ ನಡುವೆ ಅವನು ಆರಾಮಾಗಿ ತಪ್ಪಿಸಿಕೊಂಡಿದ್ದರೆ ಏಟು ಬೀಳುತ್ತಿತ್ತು. ಹೊರಗಿನ ವಿಜ್ಞಾನದ ತಪ್ಪು ಮತ್ತು ಒಳಗಿನ ನಿಯಮದ ತಪ್ಪು ಬೇರೆ ಬೇರೆ. ಮೊದಲನೆಯದನ್ನು ಹೆಚ್ಚಿನ ಸಲ ಕ್ಷಮಿಸಬಹುದು. ಎರಡನೆಯದನ್ನು ವಿಮರ್ಶೆಯಲ್ಲಿ ಹೇಳಲೇಬೇಕು.

ನಿಯಮ ಎಂದ ಕೂಡಲೇ ಎಲ್ಲವನ್ನೂ ಕೋಷ್ಟಕ ಹಾಕಿ ಕೊಡಬೇಕು ಎಂದಲ್ಲ. ಲ ಗ್ವಿನ್ ಅವರ 1968ರ ಮೊದಲ ಅರ್ತ್‌ಸೀ ಕಾದಂಬರಿಯಲ್ಲಿ ಒಂದು ವಸ್ತುವಿನ ನಿಜವಾದ ಹೆಸರು ಗೊತ್ತಿದ್ದವನಿಗೆ ಅದರ ಮೇಲೆ ಅಧಿಕಾರ ಬರುತ್ತದೆ. ಜೊತೆಗೆ ಒಂದು ದ್ವೀಪಕ್ಕೆ ಮಳೆ ತರಿಸಿದರೆ ಇನ್ನೊಂದು ದ್ವೀಪಕ್ಕೆ ಬರ ಬರಬಹುದು ಎಂಬ ಎಚ್ಚರಿಕೆಯೂ ಇದೆ. ಮಂತ್ರಗಳ ಪೂರ್ತಿ ಪಟ್ಟಿ ಎಲ್ಲೂ ಇಲ್ಲ. ಆದರೂ ಓದುವವರಿಗೆ ಒಂದು ಸಮತೋಲನದ ಭಯ ಕೊನೆಯವರೆಗೂ ಇರುತ್ತದೆ. ನಿಯಮ ಓದುಗರ ಮೈಗೆ ಹತ್ತಿದರೆ ಸಾಕು, ಬಾಯಿಪಾಠ ಆಗಬೇಕಿಲ್ಲ.

4. ಆ ಲೋಕದಲ್ಲಿ ಅನ್ನ ಎಲ್ಲಿಂದ ಬರುತ್ತದೆ?

ನಿಯಮಗಳ ಪುಟದ ಹಿಂಬದಿಯಲ್ಲಿ ಆ ಲೋಕದ ಬದುಕನ್ನು ಬರೆಯಿರಿ. ಹತ್ತು ಸಾವಿರ ಸೈನಿಕರು ಬೆಟ್ಟ ಹತ್ತುತ್ತಿದ್ದಾರೆ, ಅಕ್ಕಿ ಹೊತ್ತವರು ಯಾರು? ಅರಮನೆಯ ಬಟ್ಟೆ ಒಗೆಯುವವರು ಯಾರು? ಹೆಂಗಸರು ಅಡುಗೆಮನೆ ಬಿಟ್ಟು ಬೇರೆ ಎಲ್ಲಿ ಕಾಣುತ್ತಾರೆ? ಎಲ್ಲ ಕಾದಂಬರಿಗೂ ಈ ಎಲ್ಲ ಪ್ರಶ್ನೆ ಬೇಡ. ಒಂದು ಪುಟ್ಟ ಮಾಯದ ಕಥೆಯ ಹತ್ತಿರ ಭತ್ತದ ಲೆಕ್ಕ ಕೇಳುವುದು ಅನ್ಯಾಯ. ಆದರೆ ಮೂರು ಸಂಪುಟ ಯುದ್ಧ ಮಾಡಿಸುವ ಲೇಖಕರ ಹತ್ತಿರ ಕೇಳಬಹುದು.

ಪುಸ್ತಕದ ಮೊದಲಲ್ಲಿ ನಕ್ಷೆ ಇದ್ದರೆ ಅದರ ಮುಂದೆ ಸ್ವಲ್ಪ ಹೊತ್ತು ಕೂರಿ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೇರಳಕ್ಕೆ ಸೇರಿದ ನಾಡಿನವರು ನಾವು. ನಕ್ಷೆಯ ಗೆರೆ ಒಂದು ಕಡೆ, ಮನೆಮಾತು ಇನ್ನೊಂದು ಕಡೆ ಇರಬಹುದು ಎಂದು ನಮಗೆ ಯಾರೂ ಕಲಿಸಬೇಕಾಗಿಲ್ಲ. ಬಹಳ ಫ್ಯಾಂಟಸಿಗಳಲ್ಲಿ ಗೆರೆಯ ಈಚೆ ಒಂದು ಜನ, ಒಂದು ಭಾಷೆ. ಆಚೆ ಇನ್ನೊಂದು ಜನ, ಅವರು ಹುಟ್ಟಿನಿಂದಲೇ ಕೆಟ್ಟವರು. ಗಡಿಯಲ್ಲಿ ಮದುವೆಯಾದವರು, ಎರಡೂ ಕಡೆಯ ಸಂತೆಗೆ ಹೋಗುವವರು, ಎರಡು ಭಾಷೆಯಲ್ಲಿ ಬೈಯುವವರು ಎಲ್ಲಿ ಹೋದರು ಎಂದು ಕೇಳಿ. ಇಂಥ ಪ್ರಶ್ನೆ ಕೇಳುವ ಹಕ್ಕು ಮಂಜೇಶ್ವರದ ಓದುಗರಿಗೆ ಇರುವಷ್ಟು ಬೇರೆ ಯಾರಿಗಿದೆ? ಒಂದು ಇಡೀ ಕುಲವನ್ನೇ ರಾಕ್ಷಸರೆಂದು ಮಾಡಿಟ್ಟ ಕಾದಂಬರಿಯನ್ನು ಹೊಗಳುವ ಮೊದಲು ಅದರಲ್ಲಿ ಒಬ್ಬನಾದರೂ ತನ್ನ ಮಾತು ಹೇಳಿಕೊಳ್ಳುತ್ತಾನಾ ಎಂದು ಹುಡುಕಿ.

5. ನಂಬುವುದೋ ಬಿಡುವುದೋ ಎಂಬ ತೂಗಾಟ

ಕೆಲವು ಕಾದಂಬರಿಗಳಲ್ಲಿ ಕೊನೆಯವರೆಗೂ ಗೊತ್ತಾಗುವುದಿಲ್ಲ. ಕಂಡದ್ದು ಪ್ರೇತವೋ, ಜ್ವರದ ಕನವರಿಕೆಯೋ? ತ್ಸ್ವೆತಾನ್ ತೊಡೊರೊವ್ ಎಂಬ ವಿಮರ್ಶಕ 1970ರಲ್ಲಿ ಈ ತೂಗಾಟವೇ ಇಂಥ ಬರವಣಿಗೆಯ ಜೀವ ಎಂದರು. ಸಹಜ ಕಾರಣ ಸಿಕ್ಕಿದರೆ ಕಥೆ ಒಂದು ಕಡೆ ವಾಲುತ್ತದೆ, ಅಲೌಕಿಕ ಎಂದು ಖಚಿತವಾದರೆ ಇನ್ನೊಂದು ಕಡೆ. ಇಂಥ ಪುಸ್ತಕ ಸಿಕ್ಕಿದರೆ ಉತ್ತರ ಹುಡುಕಿ ತೀರ್ಪು ಕೊಡಲು ಹೋಗಬೇಡಿ. ತೂಗಾಟ ಎಲ್ಲಿಯವರೆಗೆ ಉಳಿಯಿತು, ಎಲ್ಲಿ ತಪ್ಪಿತು, ಲೇಖಕರು ಬೇಕೆಂದೇ ತಪ್ಪಿಸಿದರೋ ಸೋತರೋ ಎಂಬುದನ್ನು ಬರೆಯಿರಿ.

6. ಕಾದಂಬರಿಯಲ್ಲಿ ದೈವ ಬಂದಾಗ

ಇಲ್ಲಿ ನಮ್ಮ ಊರಿನವರು ನಿಧಾನಿಸಬೇಕು. ಪಂಜುರ್ಲಿ, ಗುಳಿಗ, ವಿಷ್ಣುಮೂರ್ತಿ ನಮಗೆ ಪಾತ್ರಗಳಲ್ಲ. ಕೋಲ, ತೆಯ್ಯಂ ನಡೆಯುವ ಅಂಗಳದಲ್ಲಿ ಜನ ತಮ್ಮ ಕಷ್ಟ ಹೇಳಿಕೊಳ್ಳುತ್ತಾರೆ, ನುಡಿ ಕೇಳುತ್ತಾರೆ. ಜೀವಂತ ನಂಬಿಕೆಯನ್ನು ಸುಮ್ನೆ ‘ಫ್ಯಾಂಟಸಿ ಅಂಶ’ ಎಂದು ಪಟ್ಟಿ ಮಾಡಿದರೆ ಅದು ಓದಿನ ತಪ್ಪು. ಹಾಗೆಂದು ದೈವ ಬಂದ ಕಾದಂಬರಿಯನ್ನು ಮುಟ್ಟಲೇಬಾರದು ಎಂದೂ ಅಲ್ಲ. ಕಾದಂಬರಿ ಮನುಷ್ಯರು ಬರೆದದ್ದು, ಅದನ್ನು ಪ್ರಶ್ನಿಸಬಹುದು.

ಹೇಗೆ ಪ್ರಶ್ನಿಸುವುದು? ವಿಷ್ಣುಮೂರ್ತಿಯನ್ನೇ ತೆಗೆದುಕೊಳ್ಳಿ. ಒತ್ತೆಕೋಲದಲ್ಲಿ ಕೆಂಡದ ರಾಶಿಗೆ ಬೀಳುವ ದೃಶ್ಯ ಯಾವ ಕಾದಂಬರಿಕಾರರಿಗೂ ಆಸೆ ಹುಟ್ಟಿಸುತ್ತದೆ. ಆದರೆ ಆ ತೆಯ್ಯದ ಐತಿಹ್ಯದಲ್ಲಿ ನೀಲೇಶ್ವರದ ಕಡೆಯ ಪಾಲಂತಾಯಿ ಕಣ್ಣನ್ ಎಂಬ ಬಡ ಹುಡುಗನಿದ್ದಾನೆ. ಕುರುಪ್ ಎಂಬ ಊರ ಯಜಮಾನನ ಸಿಟ್ಟಿಗೆ ಹೆದರಿ ಅವನು ಮಂಗಳೂರಿಗೆ ಓಡಿಹೋಗುತ್ತಾನೆ. ಅಲ್ಲಿ ವಿಷ್ಣುಮೂರ್ತಿಯ ಭಕ್ತನಾಗಿ ಊರಿಗೆ ಮರಳಿದಾಗ ಅದೇ ಯಜಮಾನನ ಕೈಯಲ್ಲಿ ಸಾಯುತ್ತಾನೆ. ಆಮೇಲೆ ಯಜಮಾನನಿಗೆ ಬಂದ ಕಷ್ಟಗಳಿಂದಲೇ ಆ ಊರಲ್ಲಿ ದೈವಕ್ಕೆ ಸ್ಥಾನ ಸಿಗುತ್ತದೆ. ಬೆಂಕಿಯನ್ನು ಮಾತ್ರ ಎತ್ತಿಕೊಂಡು ಆ ಕೊಲೆಯನ್ನು, ಅದರ ಹಿಂದಿನ ಅನ್ಯಾಯವನ್ನು ಬಿಟ್ಟ ಕಾದಂಬರಿ ಬೆಳಕನ್ನು ಕದ್ದು ಕಥೆಯನ್ನು ಬಿಟ್ಟಿದೆ. ಇದನ್ನು ಬರೆಯಲು ನಮಗೆ ಅಧಿಕಾರ ಇದೆ, ಜವಾಬ್ದಾರಿಯೂ ಇದೆ. ದೈವಗಳ ಕಥೆ ಹಾಡುವ ಪಾಡ್ದನ, ತೋಟ್ಟಂ ಪಾಟ್ಟು ಕೇಳಿದ ಹಿರಿಯರು ಮನೆಯಲ್ಲಿದ್ದರೆ ವಿಮರ್ಶೆ ಬರೆಯುವ ಮೊದಲು ಅವರ ಹತ್ತಿರ ಒಮ್ಮೆ ಕೂತು ಮಾತಾಡಿ. ಐತಿಹ್ಯಕ್ಕೆ ಊರಿಂದೂರಿಗೆ ವ್ಯತ್ಯಾಸ ಇರುತ್ತದೆ. ‘ನಮ್ಮಲ್ಲಿ ಹೀಗೆ ಹೇಳುತ್ತಾರೆ’ ಎಂದು ಬರೆದರೆ ಮರ್ಯಾದೆ. ‘ನಿಜವಾದ ಕಥೆ ಇದು’ ಎಂದು ಬರೆದರೆ ಪಕ್ಕದ ಊರಿನವರಿಗೆ ನೋವು.

7. ಎರಡನೇ ಓದು

ಪುಸ್ತಕ ಪೂರ್ತಿ ಎರಡು ಸಲ ಓದಲು ಎಲ್ಲರಿಗೂ ಪುರುಸೊತ್ತು ಇರುವುದಿಲ್ಲ. ಮೊದಲ ಅಧ್ಯಾಯ, ಗುರುತು ಹಾಕಿದ ಜಾಗಗಳು, ಕೊನೆಯ ಅಧ್ಯಾಯ, ಇಷ್ಟು ಸಾಕು. ಮೊದಲ ಅಧ್ಯಾಯವನ್ನು ಕೊನೆ ಗೊತ್ತಿಟ್ಟುಕೊಂಡು ಓದಿದಾಗ ಲೇಖಕರು ಎಲ್ಲೆಲ್ಲಿ ಬೀಜ ಹಾಕಿದ್ದರು ಎಂದು ಕಾಣುತ್ತದೆ. ಪ್ರಶ್ನೆ ಗುರುತು ಹಾಕಿದ ಅರ್ಧ ಜಾಗಗಳಿಗೆ ಈಗ ಉತ್ತರ ಸಿಕ್ಕಿರುತ್ತದೆ, ಅವನ್ನು ಹೊಡೆದು ಹಾಕಿ. ಉಳಿದವನ್ನು ನಿಯಮಗಳ ಪುಟದ ಜೊತೆ ಹೋಲಿಸಿ ನೋಡಿ. ಆಮೇಲೆ ಒಂದು ಪುಟ ಗಟ್ಟಿಯಾಗಿ ಓದಿ. ವಾಕ್ಯ ಉಸಿರಿಗೆ ಸರಿಹೊಂದುತ್ತದಾ, ರಾಜನೂ ಕುರಿ ಕಾಯುವವನೂ ಒಂದೇ ಥರ ಮಾತಾಡುತ್ತಾರಾ ಎಂದು ಕಿವಿ ಹೇಳುತ್ತದೆ. ಲೋಕ ಕಟ್ಟುವ ಸಂಭ್ರಮದಲ್ಲಿ ವಾಕ್ಯವನ್ನು ಮರೆತ ಪುಸ್ತಕಗಳು ಬಹಳ ಇವೆ. ವಿಮರ್ಶಕರೂ ಅದನ್ನು ಮರೆತುಬಿಡುತ್ತಾರೆ.

8. ಬರೆಯಲು ಕೂತಾಗ

ಮೊದಲು ಒಂದೇ ವಾಕ್ಯ ಬರೆಯಿರಿ. ಈ ಕಾದಂಬರಿ ಏನನ್ನು ಮಾಡಲು ಹೊರಟಿದೆ? ಅದು ಬರೆಯಲು ಆಗದಿದ್ದರೆ ಇನ್ನೂ ಓದು ಮುಗಿದಿಲ್ಲ ಎಂದು ತಿಳಿಯಿರಿ. ಆಮೇಲೆ ಲೋಕದ ಪರಿಚಯ, ಐದಾರು ವಾಕ್ಯ ಸಾಕು. ಕಥೆಯನ್ನು ಪೂರ್ತಿ ಹೇಳುವುದು ನಮ್ಮಲ್ಲಿ ಒಂದು ಚಾಳಿ. ಪತ್ರಿಕೆಯ ಪುಸ್ತಕ ಪರಿಚಯಗಳಲ್ಲಿ ಮುಕ್ಕಾಲು ಭಾಗ ಸಾರಾಂಶವೇ ಇರುವುದನ್ನು ನೋಡಿದ್ದೀರಿ. ಮೊದಲ ಕಾಲು ಭಾಗದಲ್ಲಿ ನಡೆದದ್ದನ್ನು ಮಾತ್ರ ಹೇಳಬಹುದು, ಅಲ್ಲಿಂದ ಮುಂದಿನದನ್ನು ಓದುಗರಿಗೆ ಬಿಡಿ. ಇದು ನಾನು ಪಾಲಿಸುವ ಅಳತೆ.

ಒಂದು ಮಾದರಿ ನೋಡೋಣ. ಇದಕ್ಕಾಗಿ ಒಂದು ಕಾದಂಬರಿಯನ್ನು ಈಗಲೇ ಕಲ್ಪಿಸಿಕೊಳ್ಳಿ, ಇಂಥ ಪುಸ್ತಕ ಇಲ್ಲ. ಚಂದ್ರಗಿರಿ ಹೊಳೆಯಲ್ಲಿ ಒಬ್ಬ ಅಂಬಿಗ. ಕತ್ತಲಾದ ಮೇಲೆ ದೋಣಿ ಹತ್ತುವವರು ಹಣದ ಬದಲು ಒಂದು ನೆನಪನ್ನು ಕೊಡಬೇಕು. ಕೊಟ್ಟ ನೆನಪು ಹೊಳೆಗೆ ಹೋಗುತ್ತದೆ, ತಿರುಗಿ ಬರುವುದಿಲ್ಲ. ಆಚೆ ದಡದಲ್ಲಿ ಆಸ್ಪತ್ರೆ. ಒಬ್ಬ ಟೀಚರ್ ಶಾಲೆ ಬಿಟ್ಟ ಮೇಲೆ ಕಾಯಿಲೆಯ ಅಮ್ಮನನ್ನು ನೋಡಲು ದಾಟುತ್ತಾಳೆ. ನೆನಪುಗಳು ಮುಗಿಯುತ್ತಾ ಬರುತ್ತವೆ, ಕೊಡಲು ಉಳಿದದ್ದು ಅಮ್ಮನ ನೆನಪುಗಳೇ. ಕೊನೆಯ ಅಧ್ಯಾಯದಲ್ಲಿ ಅವಳು ಅಳುತ್ತಾಳೆ, ಎಲ್ಲ ನೆನಪೂ ವಾಪಸ್ ಬರುತ್ತದೆ.

ಇದಕ್ಕೆ ಸಾಮಾನ್ಯವಾಗಿ ಬರುವ ವಿಮರ್ಶೆ ಹೀಗಿರುತ್ತದೆ: ‘ಲೇಖಕರ ಕಲ್ಪನಾಶಕ್ತಿ ಅದ್ಭುತ. ಓದಿಸಿಕೊಂಡು ಹೋಗುತ್ತದೆ. ಅಮ್ಮ ಮಗಳ ಸಂಬಂಧ ಮನ ಮುಟ್ಟುತ್ತದೆ. ಕೊನೆ ಇನ್ನೂ ಚೆನ್ನಾಗಿರಬಹುದಿತ್ತು.’

ಇದರಲ್ಲಿ ಸುಳ್ಳು ಏನೂ ಇಲ್ಲ. ಆದರೆ ಈ ನಾಲ್ಕು ವಾಕ್ಯವನ್ನು ಸಾವಿರ ಪುಸ್ತಕಕ್ಕೆ ಅಂಟಿಸಬಹುದು. ಈಗ ಇನ್ನೊಂದು ಥರ:

‘ಅಮ್ಮನನ್ನು ನೋಡಬೇಕಾದರೆ ಅಮ್ಮನನ್ನೇ ಮರೆಯಬೇಕು ಎಂಬ ಇಕ್ಕಟ್ಟಿನಲ್ಲಿ ಟೀಚರನ್ನು ನಿಲ್ಲಿಸಿದ್ದು ಈ ಕಾದಂಬರಿಯ ದೊಡ್ಡ ಸಾಧನೆ. ಅವಳು ಮೊದಲು ಕೊಡುವುದು ಬೇಡದ ನೆನಪುಗಳನ್ನು. ಒಂದು ಹಳೆ ಅವಮಾನ, ಒಂದು ಹಲ್ಲುನೋವು. ಆ ಅವಮಾನ ಹೋದ ಮೇಲೆ ಅವಳು ತರಗತಿಯ ಮಕ್ಕಳನ್ನು ಬೈಯುವ ರೀತಿಯೇ ಬದಲಾಗುತ್ತದೆ. ಕೆಟ್ಟ ನೆನಪಿಗೂ ಒಂದು ಕೆಲಸವಿತ್ತು ಎಂದು ಲೇಖಕರು ಎಲ್ಲೂ ಹೇಳುವುದಿಲ್ಲ, ತೋರಿಸುತ್ತಾರೆ. ಹೊಳೆ ದಾಟಲು ಹಾಕಿದ ನಿಯಮ ನಮ್ಮ ಎದೆಯಲ್ಲಿ ಕೂತಿರುವಾಗ ಕೊನೆಯ ಅಧ್ಯಾಯ ಆ ನಿಯಮವನ್ನು ಸಡಿಲ ಬಿಡುತ್ತದೆ. ಅಂಬಿಗ ತಾನೇ ಹಾಕಿದ ಲೆಕ್ಕವನ್ನು ತಪ್ಪುತ್ತಾನೆ. ಯಾಕೆ ತಪ್ಪಿದ ಎಂಬುದಕ್ಕೆ ಹಿಂದಿನ ಪುಟಗಳಲ್ಲಿ ಒಂದು ಸೂಚನೆಯೂ ಇಲ್ಲ.’

ನೋಡಿ, ಎರಡನೆಯದು ಕೊನೆಯ ದೋಷವನ್ನು ಹೇಳಿತು. ಆದರೆ ಏನಾಯಿತು ಎಂದು ಬಿಟ್ಟುಕೊಡಲಿಲ್ಲ. ಅಳು, ನೆನಪು ಮರಳುವುದು ಎರಡೂ ಮರೆಯಲ್ಲೇ ಉಳಿದವು. ನಿಯಮದ ಭಾಷೆಯಲ್ಲಿ ಮಾತಾಡಿದರೆ ಘಟನೆಯನ್ನು ಹೇಳದೆಯೂ ದೋಷ ತೋರಿಸಬಹುದು. ನಿಯಮಗಳ ಪುಟದ ಇನ್ನೊಂದು ಲಾಭ ಇದು. ಹಲ್ಲುನೋವಿನ ಸಣ್ಣ ವಿವರ ಯಾಕೆ ಬೇಕಿತ್ತು ಎಂದರೆ, ನೀವು ಪುಸ್ತಕ ಓದಿದ್ದೀರಿ ಎಂಬುದಕ್ಕೆ ಓದುಗರಿಗೆ ಅದೇ ಸಾಕ್ಷಿ.

ಹೊಗಳಿಕೆಗೂ ಪುಟ ಸಂಖ್ಯೆ ಬೇಕು. ‘ಮೈನವಿರೇಳಿಸುವ’, ‘ಬೇರೊಂದು ಲೋಕಕ್ಕೆ ಕರೆದೊಯ್ಯುವ’ ಎಂಬ ಮಾತುಗಳನ್ನು ಬರೆದರೆ ಹೊಡೆದು ಹಾಕಿ, ಆ ಜಾಗದಲ್ಲಿ ಮೈನವಿರೆದ್ದದ್ದು ಯಾವ ವಾಕ್ಯಕ್ಕೆ ಎಂದು ಬರೆಯಿರಿ. ನಕ್ಷತ್ರ ಕೊಡುವುದು ನನಗೆ ಇಷ್ಟವಿಲ್ಲ. ಐದಕ್ಕೆ ಮೂರು ಎಂದರೆ ಓದಬೇಕೋ ಬೇಡವೋ ಎಂದು ಯಾರಿಗೂ ತಿಳಿಯುವುದಿಲ್ಲ. ಅದರ ಬದಲು ಯಾರಿಗೆ ಈ ಪುಸ್ತಕ ಹಿಡಿಸಬಹುದು, ಎಷ್ಟು ವಯಸ್ಸಿನ ಮಕ್ಕಳಿಗೆ ಕೊಡಬಹುದು, ಹಿಂಸೆ ಜಾಸ್ತಿ ಇದೆಯಾ ಎಂದು ಒಂದೆರಡು ವಾಕ್ಯ ಸೇರಿಸಿ.

9. ಅನುವಾದ ಮತ್ತು ಸರಣಿ

ಮನೆಯಲ್ಲಿ ತುಳುವೋ ಹವ್ಯಕವೋ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ಕಾಲೇಜಿನಲ್ಲಿ ಇಂಗ್ಲಿಷ್. ಒಂದೇ ಕಾದಂಬರಿಯನ್ನು ಎರಡು ಭಾಷೆಯಲ್ಲಿ ಓದುವ ಅವಕಾಶ ನಮ್ಮಲ್ಲಿ ಬಹಳ ಜನಕ್ಕಿದೆ. ಯಾವ ಭಾಷೆಯಲ್ಲಿ ಓದಿದಿರಿ ಎಂದು ವಿಮರ್ಶೆಯ ಮೊದಲಲ್ಲೇ ಹೇಳಿ, ಅನುವಾದಕರ ಹೆಸರು ಬಿಡಬೇಡಿ. ಭಾಷೆ ಒರಟಾಗಿದ್ದರೆ ಅದು ಮೂಲದ್ದೋ ಅನುವಾದದ್ದೋ ಎಂದು ಮೂಲ ನೋಡದೆ ತೀರ್ಮಾನಿಸಬೇಡಿ. ಮೂಲ ಸಿಕ್ಕದಿದ್ದರೆ ‘ನಾನು ಓದಿದ ಕನ್ನಡ ಆವೃತ್ತಿಯಲ್ಲಿ’ ಎಂದು ಬರೆದರೆ ಯಾರಿಗೂ ಅನ್ಯಾಯವಾಗುವುದಿಲ್ಲ.

ಸರಣಿಯ ಒಂದು ಸಂಪುಟ ಮಾತ್ರ ಓದಿದ್ದರೆ ಅದನ್ನೂ ಹೇಳಿ. ಟೋಲ್ಕಿನ್ ಅವರ ಉಂಗುರದ ಕಥೆ ‘ದ ಲಾರ್ಡ್ ಆಫ್ ದ ರಿಂಗ್ಸ್’ 1954 ಮತ್ತು 1955ರಲ್ಲಿ ಮೂರು ಸಂಪುಟವಾಗಿ ಬಂತು. ಆದರೆ ಅವರು ಬರೆದದ್ದು ಒಂದೇ ಕಾದಂಬರಿ ಎಂದು. ಮುದ್ರಣದ ಖರ್ಚಿನಿಂದಾಗಿ ಪ್ರಕಾಶಕರು ಒಡೆದರು. ಮೊದಲ ಸಂಪುಟ ‘ಅರ್ಧಕ್ಕೇ ನಿಂತಿತು’ ಎಂದು ದೂರುವುದು ಅಲ್ಲಿ ಸಲ್ಲದು. ಬೇಕೆಂದೇ ಸಂಪುಟ ಹೆಚ್ಚಿಸಲು ಕಥೆ ಎಳೆದವರ ವಿಷಯ ಬೇರೆ, ಅದನ್ನು ಹೇಳಿ.

10. ಕಳಿಸುವ ಮೊದಲು

ವಿಮರ್ಶೆಯನ್ನು ಒಂದು ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಪಾತ್ರಗಳ ಹೆಸರು, ಊರಿನ ಹೆಸರು, ಕಾಗುಣಿತ ಪುಸ್ತಕದಲ್ಲಿದ್ದಂತೆಯೇ ಇವೆಯಾ ನೋಡಿ. ಫ್ಯಾಂಟಸಿಯ ವಿಮರ್ಶೆಯಲ್ಲಿ ಜಾಸ್ತಿ ತಪ್ಪಾಗುವುದು ಇಲ್ಲೇ. ಉದ್ಧರಿಸಿದ ವಾಕ್ಯಗಳನ್ನು ಪುಸ್ತಕ ಎದುರಿಗಿಟ್ಟು ಒಂದೊಂದು ಪದವಾಗಿ ತಾಳೆ ನೋಡಿ. ಒಟ್ಟು ಪುಟಗಳ ಸಂಖ್ಯೆ, ಪ್ರಕಾಶಕರು, ಪ್ರಕಟವಾದ ವರ್ಷ, ಬೆಲೆ ಕೊನೆಯಲ್ಲಿ ಇರಲಿ.

ಆಮೇಲೆ ಪುಸ್ತಕ ಓದದ ಒಬ್ಬರಿಗೆ ವಿಮರ್ಶೆಯನ್ನು ಗಟ್ಟಿಯಾಗಿ ಓದಿ ಹೇಳಿ. ಊರಿನ ಗ್ರಂಥಾಲಯ ಇದಕ್ಕೆ ಒಳ್ಳೆಯ ಜಾಗ. ಜೂನ್ 19ರ ವಾಚನಾ ದಿನದ ಹೊತ್ತಿಗೆ ಕೇರಳದ ಗ್ರಂಥಾಲಯಗಳಲ್ಲಿ ಪುಸ್ತಕದ ಕಾರ್ಯಕ್ರಮಗಳು ಇರುತ್ತವೆ. ಕನ್ನಡದಲ್ಲಿ ಒಂದು ಫ್ಯಾಂಟಸಿ ಕಾದಂಬರಿಯ ಬಗ್ಗೆ ಹತ್ತು ನಿಮಿಷ ಮಾತಾಡುತ್ತೇನೆ ಎಂದು ಮೊದಲೇ ಹೇಳಿಟ್ಟರೆ ಸಮಯ ಕೊಡುತ್ತಾರೆ. ಕೇಳಿದವರು ಯಾವ ಜಾಗದಲ್ಲಿ ‘ಅಂದರೆ?’ ಎಂದು ತಡೆಯುತ್ತಾರೋ ಅಲ್ಲಿ ನಿಮ್ಮ ಲೋಕದ ಪರಿಚಯ ಸಾಲದು, ಒಂದು ವಾಕ್ಯ ಸೇರಿಸಿ. ಎಲ್ಲಿ ಮೊಬೈಲ್ ನೋಡುತ್ತಾರೋ ಅಲ್ಲಿ ಸಾರಾಂಶ ಉದ್ದವಾಗಿದೆ, ಒಂದು ವಾಕ್ಯ ತೆಗೆಯಿರಿ. ಕೇಳಿ ಮುಗಿದ ಮೇಲೆ ಯಾರಾದರೂ ಪುಸ್ತಕ ಕೇಳಿದರೆ ಚೀಟಿಯನ್ನೂ ನಿಯಮಗಳ ಪುಟವನ್ನೂ ತೆಗೆದಿಟ್ಟುಕೊಂಡು ಪುಸ್ತಕ ಮಾತ್ರ ಕೊಡಿ. ಅವರ ಪಟ್ಟಿಯನ್ನು ಅವರೇ ಮಾಡಿಕೊಳ್ಳಲಿ, ಆಮೇಲೆ ಎರಡನ್ನೂ ಎದುರುಬದುರು ಇಟ್ಟು ಜಗಳ ಮಾಡಬಹುದು.